ಟೆಸ್ಟ್‌ಗಿಂತ ಮುಂಚೆ ಕುಡಿದ ಎರಡು ಬೀರು

ಹೋದ ತಿಂಗಳು ಒಂದಿನ ರಾತ್ರಿ ಹನ್ನೊಂದೂವರೆಗೆ ಫೋನು, ಬೆಂಗಳೂರಲ್ಲಿರೋ ನಮ್ಮ ಚಿಕ್ಕಪ್ಪನ ಮಗಳದ್ದು. ಅಷ್ಟೊತ್ನಲ್ಲಿ ಫೋನ್ ಬಂದ್ರೆ ನಮ್ಮನೇಲಿ ಎಲ್ರಿಗೂ ಎದೆ ಧಸಕ್ ಅನ್ನುತ್ತೆ. "ಅಕ್ಕ, ಟೆಸ್ಟ್ ಪಾಸಿಟಿವ್ ಬಂತು" ಅಂದ್ಲು, ನಾನು ಖುಷಿಲಿ ಇನ್ನೇನು ಕಿರುಚಬೇಕು, ಅಷ್ಟ್ರಲ್ಲಿ ಆ ಕಡೆಯಿಂದ ಅಳು. ಎರಡು ವಾರದ ಹಿಂದೆ ಆಫೀಸಿನವರೆಲ್ಲ ಸಕಲೇಶಪುರದ ಕಡೆ ಔಟಿಂಗ್ ಹೋಗಿದ್ರಂತೆ, ಅಲ್ಲಿ ಎರಡು ಪಿಂಟ್ ಬೀರ್ ಕುಡಿದಿದ್ದಾಳೆ, ಬಸುರಿ ಅಂತ ಆಗ ಅವಳಿಗೇ ಗೊತ್ತಿಲ್ಲ. "ಮಗೂಗೆ ಏನಾರ ಆಗಿರ್ತತೇನಕ್ಕ? ಅಮ್ಮಗೆ ಮಾತ್ರ ಹೇಳಬ್ಯಾಡ."

ನಾನು ದಾವಣಗೆರೆಲಿ ಪಿಯುಸಿ ಹುಡುಗ್ರಿಗೆ ಬಯಾಲಜಿ ಹೇಳೋಳು, ಡಾಕ್ಟರ್ ಅಲ್ಲ, ಆದ್ರೆ ನಮ್ಮ ಮನೆತನದಲ್ಲಿ ಯಾರಿಗೆ ಮೈಯಲ್ಲಿ ಏನಾದ್ರೂ ಮೊದಲು ಫೋನ್ ಬರೋದು ನನಗೇ. ಅವಳು ಅಷ್ಟೊತ್ತಿಗಾಗ್ಲೇ ಮೊಬೈಲಲ್ಲಿ ಎರಡು ಗಂಟೆ ಹುಡುಕಾಡಿ ತಲೆ ಕೆಡಿಸ್ಕೊಂಡಿದ್ಲು. ಒಂದು ಕಡೆ ಒಂದು ಗುಟುಕು ಕುಡಿದ್ರೂ ಮಗು ಹಾಳು ಅಂತ, ಇನ್ನೊಂದು ಕಡೆ ಒಂದೊಂದು ಗ್ಲಾಸ್ ವೈನ್ ಏನೂ ಮಾಡಲ್ಲ ಅಂತ. ಅವತ್ತು ಅವಳಿಗೆ ಹೇಳಿದ್ದು, ಆಮೇಲೆ ಕೂತು ಓದಿ ಇನ್ನೂ ಸ್ವಲ್ಪ ಸರಿ ಮಾಡ್ಕೊಂಡಿದ್ದು, ಎರಡೂ ಸೇರಿಸಿ ಇಲ್ಲಿ ಬರೀತಿದ್ದೀನಿ.

"ನಮ್ ಕಡೆ ಹೆಣ್ಮಕ್ಕಳು ಎಲ್ಲಿ ಕುಡೀತಾರ ಬಿಡ್ರೀ" ಅಂತ ಸ್ಟಾಫ್ ರೂಮಲ್ಲಿ ಒಬ್ರು ಅಂದ್ರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ 18.8%, ಹೆಂಗಸರಲ್ಲಿ 1.3% ಕುಡೀತೀವಿ ಅಂತ ಹೇಳಿದ್ದಾರೆ. ಹೇಳಿದ್ದಾರೆ ಅನ್ನೋದನ್ನ ಗಮನಿಸಿ. ಯಾರೋ ಗೊತ್ತಿಲ್ಲದವರು ಮನೆ ಬಾಗಿಲಿಗೆ ಬಂದು ಪೆನ್ನು ಹಿಡ್ಕೊಂಡು ಕೇಳ್ತಾರೆ, ಒಳಗೆ ಅಡುಗೆಮನೇಲಿ ಅತ್ತೆ ಕಿವಿ ಇತ್ತ ಕಡೆನೇ ಇರುತ್ತೆ, ಯಾವ ಸೊಸೆ ಹೂಂ ಅಂತಾಳೆ? ಇನ್ನು ಇಡೀ ದಿನ ಶೇಂಗಾ ಕಿತ್ತು, ಕಲ್ಲು ಹೊತ್ತು ಮೈಕೈ ನೋವು ಅಂತ ರಾತ್ರಿ ಒಂದು ಪ್ಯಾಕೆಟ್ ಹಾಕ್ಕೊಂಡು ಮಲಗೋ ಹೆಂಗಸರನ್ನ ಚಳ್ಳಕೆರೆ, ಜಗಳೂರು ಕಡೆ ನೋಡಿದೋರಿಗೆ ಹೊಸದಾಗಿ ಏನೂ ಹೇಳಬೇಕಾಗಿಲ್ಲ. 2007ರ ಜುಲೈನಲ್ಲಿ ಸಾರಾಯಿ ನಿಷೇಧ ಆಯ್ತು ಸರಿ, ಆ ಜಾಗಕ್ಕೆ ನೈಂಟಿ ಪ್ಯಾಕೆಟ್ ಬಂತು, ಅಷ್ಟೇ ವ್ಯತ್ಯಾಸ.

ಈಗ ವಿಷಯಕ್ಕೆ ಬರೋಣ. ನಮ್ಮ ಜನರಲ್ಲಿ ಒಂದು ನಂಬಿಕೆ ಇದೆ, ಮಗು ಹೊಟ್ಟೆ ಒಳಗೆ ಭದ್ರವಾಗಿರುತ್ತೆ, ತಾಯಿ ತಿಂದಿದ್ರಲ್ಲಿ ಒಳ್ಳೇದು ಮಾತ್ರ ಅದಕ್ಕೆ ಹೋಗುತ್ತೆ, ಕೆಟ್ಟದ್ದು ಹೊರಗೇ ಉಳಿಯುತ್ತೆ ಅಂತ. ಇದು ಪೂರ್ತಿ ಸುಳ್ಳೂ ಅಲ್ಲ. ಮಾಸು ಅಂತೀವಲ್ಲ, ಹಳ್ಳಿ ಕಡೆ ಹೆರಿಗೆ ಆದ್ಮೇಲೆ ಕಸ ಬಿತ್ತಾ ಅಂತ ಕೇಳ್ತಾರಲ್ಲ, ಅದೇ, ಅದು ಒಳ್ಳೇ ಕಾವಲುಗಾರನೇ. ತಾಯಿ ರಕ್ತ ಮಗು ರಕ್ತ ಎರಡನ್ನೂ ನೇರವಾಗಿ ಬೆರೆಯೋಕೆ ಬಿಡಲ್ಲ, ನಡುವೆ ತೆಳ್ಳಗಿನ ಗೋಡೆ ಇಟ್ಕೊಂಡು ಆಹಾರ, ಆಮ್ಲಜನಕ ದಾಟಿಸುತ್ತೆ. ದೊಡ್ಡ ಕಣಗಳನ್ನ ತಡೆಯುತ್ತೆ. ಬಸುರಿಲಿ ಶುಗರ್ ಬಂದ್ರೆ ಡಾಕ್ಟರು ಧೈರ್ಯವಾಗಿ ಇನ್ಸುಲಿನ್ ಕೊಡೋದಕ್ಕೆ ಒಂದು ಕಾರಣ ಇದೇನೇ, ಇನ್ಸುಲಿನ್ ಅಣು ದೊಡ್ಡದು, ತೂಕ ಸುಮಾರು 5,800, ಮಾಸು ದಾಟಲ್ಲ. ಆಲ್ಕೋಹಾಲ್ ಅಣುವಿನ ತೂಕ ಎಷ್ಟು? ಬರೀ 46. ನೀರಲ್ಲೂ ಕರಗುತ್ತೆ, ಕೊಬ್ಬಲ್ಲೂ ಕರಗುತ್ತೆ, ಅಂಥದ್ದಕ್ಕೆ ಯಾವ ಗೋಡೆನೂ ಗೋಡೆ ಅಲ್ಲ.

ದುರ್ಗದ ಕೋಟೆ ನೋಡಿದೋರಿಗೆ ಇದು ಬೇಗ ಅರ್ಥ ಆಗುತ್ತೆ. ಏಳು ಸುತ್ತು, ಅಷ್ಟೊಂದು ಬಾಗಿಲು ಬತ್ತೇರಿ ಎಲ್ಲ ಇದ್ರೂ ಹೈದರಾಲಿ ಸೈನಿಕರು ನುಗ್ಗೋಕೆ ನೋಡಿದ್ದು ಒಬ್ಬ ಮನುಷ್ಯ ಮಾತ್ರ ತೂರೋ ಅಂಥ ಕಿಂಡಿಲಿ. ಆನೆ ಕುದುರೆ ಅಲ್ಲಿ ಬರಲ್ಲ, ಸಣ್ಣಗೆ ತೂರಿದೋನು ಬರ್ತಾನೆ. ಅಲ್ಲಿ ಓಬವ್ವ ಒನಕೆ ಹಿಡ್ಕೊಂಡು ನಿಂತಿದ್ಳು. ಮಾಸಿನ ಕಿಂಡಿಲಿ ಆಲ್ಕೋಹಾಲ್‌ಗೆ ಒನಕೆ ಎತ್ತೋರು ಯಾರೂ ಇಲ್ಲ. ತಾಯಿ ಕುಡಿದ ಒಂದು ಗಂಟೆ ಆಸುಪಾಸಲ್ಲಿ ಮಗು ರಕ್ತದಲ್ಲಿ ಹೆಚ್ಚುಕಮ್ಮಿ ತಾಯಿ ರಕ್ತದಲ್ಲಿ ಇರೋ ಅಷ್ಟೇ ಆಲ್ಕೋಹಾಲ್ ಇರುತ್ತೆ.

ಒಳಗೆ ಹೋಗಿದ್ದು ಹೊರಗೆ ಬರೋದು ಹೆಂಗೆ ಅನ್ನೋದು ಮುಂದಿನ ಪ್ರಶ್ನೆ, ನನಗೆ ಎಲ್ಲಕ್ಕಿಂತ ಭಯ ಆಗೋದು ಇದೇ ಭಾಗ ಓದುವಾಗ. ನಮ್ಮ ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಆಲ್ಕೋಹಾಲ್ ಕರಗಿಸುತ್ತೆ. ಹೊಟ್ಟೇಲಿರೋ ಮಗುವಿನ ಲಿವರ್‌ಗೆ ಆ ಕೆಲಸ ಮಾಡೋ ಕಿಣ್ವ ಇನ್ನೂ ಸರಿಯಾಗಿ ತಯಾರಾಗಿರೋದೇ ಇಲ್ಲ. ಹಂಗಾಗಿ ಅದು ತಾಯಿ ಲಿವರನ್ನೇ ಕಾಯಬೇಕು, ತಾಯಿ ರಕ್ತದಲ್ಲಿ ಇಳಿದಂಗೆಲ್ಲ ಇದರದ್ದೂ ಮಾಸಿನ ಮೂಲಕ ವಾಪಸ್ ಹೋಗಬೇಕು. ಅದರ ಮೇಲೆ ಇನ್ನೊಂದು, ಮಗು ಸುತ್ತ ಇರೋ ನೀರಿಗೂ ಆಲ್ಕೋಹಾಲ್ ಸೇರುತ್ತೆ, ತಿಂಗಳು ತುಂಬಿದಂಗೆಲ್ಲ ಮಗು ಆ ನೀರನ್ನೇ ಕುಡಿಯುತ್ತೆ, ಅದರಲ್ಲೇ ಉಚ್ಚೆ ಹೊಯ್ಯುತ್ತೆ, ಮತ್ತೆ ಅದನ್ನೇ ಕುಡಿಯುತ್ತೆ. ತಾಯಿಗೆ ಅಮಲು ಇಳಿದು ಎದ್ದು ಮುಖ ತೊಳ್ಕೊಂಡ್ರೂ ಮಗು ಇನ್ನೂ ಅದರಲ್ಲೇ ಮುಳುಗಿರುತ್ತೆ.

ಗ್ರಾಂ ಅಂದ್ನಲ್ಲ, ಲೆಕ್ಕನೂ ಒಂಚೂರು ಹೇಳ್ಬಿಡ್ತೀನಿ, ಯಾಕಂದ್ರೆ "ಬೀರು ಏನ್ ಮಹಾ ಬಿಡು, ಬಾರ್ಲಿ ನೀರು" ಅನ್ನೋರು ನಮ್ಮಲ್ಲಿ ಬಹಳ ಇದಾರೆ. ನಮ್ಮ ಕಡೆ ಸಿಗೋ ವಿಸ್ಕಿ, ರಮ್ಮು, ಬ್ರಾಂದಿ ಮೇಲೆ 42.8% ಅಂತ ಬರೆದಿರುತ್ತೆ. 30 ಎಂಎಲ್‌ಗೆ 10 ಗ್ರಾಂ, ನೈಂಟಿಗೆ 30, ಕ್ವಾರ್ಟರ್‌ಗೆ 60 ಗ್ರಾಂ ಆಲ್ಕೋಹಾಲ್ ಆಯ್ತು. 650 ಎಂಎಲ್ ಬೀರ್ ಬಾಟ್ಲಿ 5% ಇದ್ರೆ 25 ಗ್ರಾಂ ದಾಟುತ್ತೆ, 8% ಸ್ಟ್ರಾಂಗ್ ಆದ್ರೆ 40 ಗ್ರಾಂ, ಅಂದ್ರೆ ಒಂದು ಸ್ಟ್ರಾಂಗ್ ಬೀರು ನೈಂಟಿಗಿಂತ ಜಾಸ್ತಿನೇ. ಮಗುವಿಗೆ ಬಾಟ್ಲಿ ಮೇಲಿನ ಹೆಸರು ಗೊತ್ತಾಗಲ್ಲ, ಬರೋದು ಅದೇ ಅಣು. ಅಂದಹಾಗೆ ನಮ್ಮ ಬಾಟ್ಲಿ ಮೇಲೆ ಇರೋ ಎಚ್ಚರಿಕೆ ಓದಿ ನೋಡಿ, ಮದ್ಯಪಾನ ಆರೋಗ್ಯಕ್ಕೆ ಹಾನಿಕರ, ಕುಡಿದು ಗಾಡಿ ಓಡಿಸಬೇಡಿ ಅಂತ ಇರುತ್ತೆ. ಬಸುರಿ ಹೆಂಗಸಿನ ಸುದ್ದಿನೇ ಇಲ್ಲ. ಅಮೆರಿಕದಲ್ಲಿ 1988ರಲ್ಲೇ ಕಾನೂನು ಮಾಡಿ ಬಾಟ್ಲಿ ಮೇಲೆ ಅದನ್ನ ಬರೆಸಿದ್ದಾರೆ.

ಸರಿ, ಒಳಗೆ ಹೋಗಿ ಮಾಡೋದೇನು? ಒಂದೇ ಕೆಲಸ ಮಾಡಿದ್ರೆ ಸುಲಭವಾಗಿ ಹೇಳಬಹುದಿತ್ತು. ಮಗು ಕಟ್ಟೋ ಕೆಲಸದಲ್ಲಿ ಯಾವತ್ತು ಏನು ನಡೀತಿದೆಯೋ ಅದನ್ನ ಕೆಡಿಸುತ್ತೆ. ಮನೆ ಕಟ್ಟೋವಾಗ ಮೇಸ್ತ್ರಿ ಪಾಯ ಹಾಕೋ ದಿನ ಕುಡಿದು ಬಂದ್ರೆ ಒಂಥರ, ಸೆಂಟ್ರಿಂಗ್ ದಿನ ಕುಡಿದು ಬಂದ್ರೆ ಇನ್ನೊಂಥರ, ಕರೆಂಟ್ ವೈರ್ ಎಳೆಯೋ ದಿನ ಬಂದ್ರೆ ಹೊರಗಿಂದ ಗೋಡೆ ಚೆಂದಾಗೇ ಕಾಣುತ್ತೆ, ಸ್ವಿಚ್ ಹಾಕಿದಾಗ ಗೊತ್ತಾಗುತ್ತೆ.

ಮುಖದಿಂದ ಶುರು ಮಾಡ್ತೀನಿ. ಗರ್ಭ ನಿಂತ ಮೂರನೇ ವಾರದಿಂದ ಎಂಟನೇ ವಾರದೊಳಗೆ ಮುಖದ ನಕ್ಷೆ ಬಿದ್ದಿರುತ್ತೆ. ತಲೆ ಭಾಗದಿಂದ ಒಂದಿಷ್ಟು ಜೀವಕೋಶಗಳು ಹೊರಟು ತಮ್ಮ ತಮ್ಮ ಜಾಗಕ್ಕೆ ನಡ್ಕೊಂಡು ಹೋಗಿ ಮೂಗು, ತುಟಿ, ದವಡೆ ಕಟ್ತಾವೆ. ಆಲ್ಕೋಹಾಲ್ ಬಿದ್ರೆ ದಾರೀಲೇ ಎಷ್ಟೋ ಸತ್ತೋಗ್ತವೆ. ಎ ವಿಟಮಿನ್‌ನಿಂದ ತಯಾರಾಗೋ ಒಂದು ಆಮ್ಲ ಈ ಕೋಶಗಳಿಗೆ ಎಲ್ಲಿ ಹೋಗಬೇಕು ಅಂತ ದಾರಿ ತೋರ್ಸುತ್ತೆ, ಅದನ್ನ ತಯಾರು ಮಾಡೋ ಕಿಣ್ವಗಳು ಆಲ್ಕೋಹಾಲ್ ಕರಗಿಸೋ ಕಿಣ್ವಗಳ ದಾಯಾದಿಗಳೇ, ಆಲ್ಕೋಹಾಲ್ ಬಂದ್ರೆ ಆ ಕೆಲಸನೂ ಕೆಡುತ್ತೆ. 1981ರಲ್ಲಿ ಅಮೆರಿಕದ ಕ್ಯಾಥ್ಲೀನ್ ಸುಲಿಕ್ ಅನ್ನೋ ವಿಜ್ಞಾನಿ ಬಸುರಿ ಇಲಿಗಳಿಗೆ ಮನುಷ್ಯರ ಮೂರನೇ ವಾರಕ್ಕೆ ಸರಿಹೋಗೋ ಒಂದೇ ದಿನ ಆಲ್ಕೋಹಾಲ್ ಕೊಟ್ಟು ನೋಡಿದ್ರು, ಮರಿಗಳ ಮುಖ ಥೇಟ್ ಬಸುರಿಲಿ ವಿಪರೀತ ಕುಡಿದ ತಾಯಂದಿರ ಕೆಲವು ಮಕ್ಕಳ ಮುಖದ ಥರನೇ ಬಂತು. ಮೂಗಿನ ಕೆಳಗೆ ತುಟಿ ಮೇಲೆ ನಮಗೆಲ್ಲ ಒಂದು ಸಣ್ಣ ಗುಣಿ ಇರುತ್ತಲ್ಲ, ಅದು ಇಲ್ಲದೆ ಸಪಾಟು, ಮೇಲ್ತುಟಿ ಗೆರೆ ಎಳೆದಂಗೆ ತೆಳ್ಳಗೆ, ಕಣ್ಣಿನ ಸೀಳು ಚಿಕ್ಕದು. ಈ ಮೂರೂ ಒಟ್ಟಿಗೆ ಇದ್ರೆ ಡಾಕ್ಟರು ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್, ಅಂದ್ರೆ ತಾಯಿ ಕುಡಿದಿದ್ದರಿಂದ ಹೊಟ್ಟೇಲೇ ಮಗುವಿಗೆ ಆಗೋ ತೊಂದರೆಗಳ ಗುಂಪು, ಅದರ ಅನುಮಾನ ಪಡ್ತಾರೆ. ಆದ್ರೆ ಹುಡುಕ್ತಾ ಹೋಗಬೇಡಿ, ತೆಳ್ಳಗಿನ ತುಟಿ ನಮ್ಮ ಸೋದರಮಾವನಿಗೂ ಇದೆ, ನಮ್ಮಜ್ಜಿ ಜನ್ಮದಲ್ಲಿ ಹೆಂಡದ ವಾಸನೆ ಕಂಡೋಳಲ್ಲ.

ಈ ಸಿಂಡ್ರೋಮ್‌ಗೆ ಹೆಸರು ಬಂದಿದ್ದು 1973ರಲ್ಲಿ. ಅಮೆರಿಕದ ಸಿಯಾಟಲ್‌ನಲ್ಲಿ ಕೆನೆತ್ ಜೋನ್ಸ್, ಡೇವಿಡ್ ಸ್ಮಿತ್ ಮತ್ತೆ ಅವರ ಜೊತೆಯವರು ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಎಂಟು ಮಕ್ಕಳಲ್ಲಿ ಒಂದೇ ಥರದ ಮುಖ, ಒಂದೇ ಥರ ಬೆಳವಣಿಗೆ ಕುಂಠಿತ ಆಗಿದ್ದನ್ನ ನೋಡಿದ್ರು, ಎಂಟೂ ತಾಯಂದಿರು ವಿಪರೀತ ಕುಡೀತಿದ್ದವರು. ಅದಕ್ಕೂ ಮುಂಚೆ 1968ರಲ್ಲಿ ಫ್ರಾನ್ಸಿನ ಪಾಲ್ ಲೆಮ್ವಾನ್ ಅನ್ನೋ ಮಕ್ಕಳ ಡಾಕ್ಟ್ರು 127 ಮಕ್ಕಳನ್ನ ನೋಡಿ ಇದನ್ನೇ ಬರೆದಿದ್ರು, ಜಾಸ್ತಿ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಇನ್ನೂ ಆಶ್ಚರ್ಯ ಏನಂದ್ರೆ ಅದೇ ಕಾಲದಲ್ಲಿ ಹೊರದೇಶದ ಆಸ್ಪತ್ರೆಗಳಲ್ಲಿ ದಿನ ತುಂಬೋ ಮುಂಚೆ ನೋವು ಬಂದ ಬಸುರಿಯರಿಗೆ ಹೆರಿಗೆ ತಡೆಯೋಕೆ ಅಂತ ಆಲ್ಕೋಹಾಲನ್ನೇ ಡ್ರಿಪ್ಪಲ್ಲಿ ಹಾಕ್ತಿದ್ರು. ಡಾಕ್ಟ್ರುಗಳಿಗೇ ಗೊತ್ತಿಲ್ಲದ ವಿಷಯನ ಕೂಲಿ ಹೆಂಗಸಿಗೆ ಗೊತ್ತಿರಬೇಕಿತ್ತು ಅಂತ ಬಯ್ಯೋದು ನ್ಯಾಯ ಅಲ್ಲ.

ಮುಖಕ್ಕೆ ಆರು ವಾರದ ಗಡುವು ಇದ್ರೆ ಮೆದುಳಿಗೆ ಗಡುವೇ ಇಲ್ಲ, ಒಂಬತ್ತು ತಿಂಗಳೂ ಅದರ ಕೆಲಸ ನಡೀತಾನೇ ಇರುತ್ತೆ. ಅದಕ್ಕೇ ಜಾಸ್ತಿ ಮಕ್ಕಳಲ್ಲಿ ಮುಖ ಪೂರ್ತಿ ಸರಿ ಇದ್ದು ಒಳಗೆ ಮಾತ್ರ ಪೆಟ್ಟು ಬಿದ್ದಿರುತ್ತೆ. ಮೆದುಳಿನ ಕೋಶಗಳು ಒಳಗಡೆ ಹುಟ್ಟಿ ಹೊರಗಡೆ ಪದರಕ್ಕೆ ನಡ್ಕೊಂಡು ಹೋಗಬೇಕು, ಆಲ್ಕೋಹಾಲ್ ಇದ್ರೆ ಕೆಲವು ಅರ್ಧ ದಾರೀಲೇ ಕೂತ್ಬಿಡ್ತವೆ, ಕೆಲವು ಜಾಗ ದಾಟಿ ಮುಂದೆ ಹೋಗ್ತವೆ. ಕೊನೇ ಮೂರು ತಿಂಗಳಲ್ಲಿ ಕೋಶ ಕೋಶಕ್ಕೆ ಸಂಪರ್ಕ ಕಟ್ಟೋ ಕೆಲಸ ಜೋರಾಗಿ ನಡೆಯುತ್ತೆ, ಆಗ ಪಕ್ಕದ ಕೋಶ ಮಾತಾಡಿಸ್ತಿದ್ರೆ ಮಾತ್ರ ಕೋಶ ಬದುಕುತ್ತೆ. ಆಲ್ಕೋಹಾಲ್ ಮಾಡೋದೇ ಮೆದುಳನ್ನ ಮಂಪರು ಮಾಡೋದು, ಮಾತೇ ನಿಂತುಹೋದ್ರೆ ನಾನು ಇಲ್ಲಿ ಬೇಡ ಅಂದ್ಕೊಂಡು ಕೋಶ ತಾನೇ ಸಾಯುತ್ತೆ. 2000ನೇ ಇಸ್ವಿಲಿ ಎಳೇ ಇಲಿಮರಿಗಳಲ್ಲಿ ಇದನ್ನ ತೋರಿಸಿದ್ದಾರೆ. ಎಡ ಬಲ ಮೆದುಳನ್ನ ಸೇರಿಸೋ ದಪ್ಪ ನರಗಳ ಸೇತುವೆ ಒಂದಿದೆ, ಕೆಲವು ಮಕ್ಕಳಲ್ಲಿ ಅದು ತೆಳ್ಳಗಾಗಿರುತ್ತೆ, ಅಪರೂಪಕ್ಕೆ ಇರೋದೇ ಇಲ್ಲ. ನಮ್ಮೂರಲ್ಲಿ ಅಶೋಕ ಟಾಕೀಸ್ ಹತ್ರ ರೈಲ್ವೆ ಗೇಟ್ ಹಾಕಿದಾಗ ಆ ಕಡೆಯೋರು ಆ ಕಡೆ, ಈ ಕಡೆಯೋರು ಈ ಕಡೆ ಹಾರ್ನ್ ಹೊಡ್ಕೊಂಡು ನಿಂತಿದ್ದನ್ನ ನೆನಪು ಮಾಡ್ಕೊಳ್ಳಿ, ಅಂಥ ಗೇಟು ತಲೆ ಒಳಗೇ ಇದ್ರೆ ಹೆಂಗೆ.

ಇಂಥ ಮಗು ಸ್ಕೂಲಿಗೆ ಬಂದಾಗ ಹೆಂಗೆ ಕಾಣುತ್ತೆ ಅಂತ ಓದಿದಾಗ ನನಗೆ ನನ್ನ ಕ್ಲಾಸಿನ ಲಾಸ್ಟ್ ಬೆಂಚುಗಳು ನೆನಪಾದವು. ನಿನ್ನೆ ಕಲಿತಿದ್ದು ಇವತ್ತು ಮರೆತುಹೋಗಿರುತ್ತೆ, ನಾಳೆ ಮತ್ತೆ ನೆನಪಾಗುತ್ತೆ. ಬಾಯಿ ಚೆನ್ನಾಗಿರುತ್ತೆ, ಲೆಕ್ಕ, ದುಡ್ಡು, ಟೈಮು ತಲೆಗೆ ಹತ್ತಲ್ಲ. ಮೂರು ಕೆಲಸ ಒಟ್ಟಿಗೆ ಹೇಳಿದ್ರೆ ಒಂದು ಮಾಡಿ ನಿಲ್ಲುತ್ತೆ. ತಪ್ಪು ಮಾಡಿ ಹೊಡೆಸ್ಕೊಂಡು ಮರುದಿನ ಅದೇ ತಪ್ಪು ಮಾಡುತ್ತೆ, ಯಾಕಂದ್ರೆ ಹಿಂಗೆ ಮಾಡಿದ್ರೆ ಹಿಂಗಾಗುತ್ತೆ ಅಂತ ಜೋಡಿಸೋ ಮೆದುಳಿನ ಮುಂಭಾಗಕ್ಕೇ ಪೆಟ್ಟಾಗಿರುತ್ತೆ. ಐಕ್ಯೂ ಎಷ್ಟೋ ಸಲ ನಾರ್ಮಲ್ಲೇ ಬರುತ್ತೆ, ಹಂಗಾಗಿ ಯಾರೂ ಕಾಯಿಲೆ ಅನ್ನಲ್ಲ, ಮೊಂಡ, ಸೋಮಾರಿ, ಬೇಕಂತಲೇ ಮಾಡ್ತಾನೆ ಅಂತಾರೆ. ಹಂಗಂತ ಲಾಸ್ಟ್ ಬೆಂಚಲ್ಲಿ ಕೂತೋರೆಲ್ಲ ಇದೇ ಅಂತಲ್ಲ, ಇಂಥ ಲಕ್ಷಣಕ್ಕೆ ನೂರೆಂಟು ಕಾರಣ ಇರುತ್ತೆ. ಆದ್ರೂ ನಾನು ಎಷ್ಟು ಜನಕ್ಕೆ ಬೇಕಂತಲೇ ಮಾಡ್ತೀಯಾ ಅಂತ ಬೈದಿದ್ದೀನೋ ಅನ್ನೋದು ಒಂದೆರಡು ದಿನ ಕೊರೀತು.

ಇದು ಬಿಟ್ಟು ಗರ್ಭಪಾತ, ಹೊಟ್ಟೇಲೇ ಮಗು ಹೋಗೋದು, ದಿನ ತುಂಬದೆ ಹುಟ್ಟೋದು, ತೂಕ ಕಮ್ಮಿ, ಹೃದಯದಲ್ಲಿ ತೂತು, ಕಿವಿ ಕಣ್ಣಿನ ತೊಂದರೆ, ಇವೂ ಆಗಬಹುದು.

"ನಮ್ಮ ದೊಡ್ಡವ್ವ ದಿನಾ ಕುಡೀತಿದ್ಲು, ಅವಳ ಮಗ ಈಗ ಇಂಜಿನಿಯರ್ರು" ಅನ್ನೋ ಮಾತು ಬಂದೇ ಬರುತ್ತೆ. ಇರಬಹುದು. 2017ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಂದಾಜಿನ ಪ್ರಕಾರ ಬಸುರಿಲಿ ಕುಡಿದ 13 ಹೆಂಗಸರಲ್ಲಿ ಒಬ್ಬರ ಮಗುವಿಗೆ ಇದರ ತೊಂದರೆ ಆಗುತ್ತೆ. ಅಂದ್ರೆ 12 ಜನ ನಮಗೇನೂ ಆಗಲಿಲ್ಲ ಅಂತ ಊರೆಲ್ಲ ಹೇಳ್ಕೊಂಡು ಬರ್ತಾರೆ, ಆ ಒಬ್ಬಳು ಬಾಯಿ ಬಿಡಲ್ಲ. ಒಂದೇ ಹೊಟ್ಟೇಲಿದ್ದ ಅವಳಿ ಮಕ್ಕಳಲ್ಲೂ, ನೋಡೋಕೆ ಬೇರೆ ಬೇರೆ ಥರ ಇರೋ ಅವಳಿಗಳಲ್ಲಿ, ಒಂದಕ್ಕೆ ಜೋರಾಗಿ ತಗುಲಿ ಇನ್ನೊಂದಕ್ಕೆ ಕಮ್ಮಿ ಆಗಿದ್ದು ಉಂಟು. ಜೀನ್ಸ್ ಮೇಲೆ ಹೋಗುತ್ತೆ, ತಾಯಿ ಎಷ್ಟು ಬೇಗ ಕರಗಿಸ್ತಾಳೆ ಅನ್ನೋದ್ರ ಮೇಲೆ, ಒಂದೇ ಸಲಕ್ಕೆ ಎಷ್ಟು ಹಾಕಿದ್ಲು ಅನ್ನೋದ್ರ ಮೇಲೆ, ಊಟದ ಮೇಲೂ ಹೋಗುತ್ತೆ. ಕಬ್ಬಿಣಾಂಶ, ಫೋಲಿಕ್ ಆಸಿಡ್ ಕಮ್ಮಿ ಇರೋ ಮೈಗೆ ಅದೇ ಒಂದು ಪೆಗ್ ಜಾಸ್ತಿ ಹೊಡೆತ ಕೊಡುತ್ತೆ, ನಮ್ಮ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ರಕ್ತಹೀನತೆ ಇದೆ. ಇಷ್ಟೆಲ್ಲ ಸೇರಿ ಯಾರಿಗೆ ಎಷ್ಟು ಸೇಫ್ ಅಂತ ಗೆರೆ ಎಳೆಯೋಕೇ ಆಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ತಿಂಗಳೂ ಬೇಡವೇ ಬೇಡ ಅನ್ನೋದು ಅದಕ್ಕೇ, ಒಂದು ಗುಟುಕಿಗೆ ಮಗು ಹಾಳಾಗುತ್ತೆ ಅಂತಲ್ಲ.

ಬಾಣಂತಿಗೆ ಥಂಡಿ ಅಂತ ಎರಡು ಮುಚ್ಚಳ ಬ್ರಾಂದಿ ಕೊಡೋ ಮನೆಗಳು ನಮ್ಮ ಕಡೆ ಇವತ್ತಿಗೂ ಇದಾವೆ. ಅದು ಎದೆಹಾಲಿಗೆ ರಕ್ತದಲ್ಲಿರೋ ಅಷ್ಟೇ ಪ್ರಮಾಣದಲ್ಲಿ ಬರುತ್ತೆ, ಹಾಲು ಇಳಿಯೋದನ್ನೂ ಕಮ್ಮಿ ಮಾಡುತ್ತೆ, ಬೆಚ್ಚಗೆ ಆದಂಗೆ ಅನ್ಸೋದು ಚರ್ಮಕ್ಕೆ ರಕ್ತ ಬರೋದ್ರಿಂದ, ಮೈ ಒಳಗಿನ ಕಾವು ಹೊರಗೆ ಹೋಗುತ್ತೆ ಅಷ್ಟೇ. ಬ್ರಾಂದಿ ಬಿಡಿ, ಬಸುರಿ ಬಾಣಂತಿ ಅಂತ ಮೆಡಿಕಲ್ ಶಾಪಿಂದ ತರೋ ಅರಿಷ್ಟ, ಆಸವಗಳಲ್ಲೂ ಹುದುಗಿ ಬಂದ ಆಲ್ಕೋಹಾಲ್ ಇರುತ್ತೆ, ಬಾಟ್ಲಿ ಮೇಲೇ ಬರೆದಿರ್ತಾರೆ, ಬಸುರಿಲಿ ಡಾಕ್ಟರನ್ನ ಕೇಳದೆ ತಗೋಬೇಡಿ. ಹಂಗಂತ ನಮ್ಮತ್ತೆ ಕೇಳಿದಂಗೆ "ದೋಸೆ ಹಿಟ್ಟೂ ಹುಳಿ ಬಂದಿರ್ತತಲ್ಲ, ಬೆಣ್ಣೆ ದೋಸಿ ಬಿಡಬೇಕೇನು?" ಅಂತ ಕೇಳಬೇಡಿ. ಬಿಡಬೇಡಿ. ಅದರಲ್ಲಿರೋದು ಮುಖ್ಯವಾಗಿ ಹುಳಿ ಆಮ್ಲ, ಲೆಕ್ಕಕ್ಕಿಲ್ಲದಷ್ಟು ಆಲ್ಕೋಹಾಲ್ ಇದ್ರೂ ಕಾದ ಹೆಂಚಿನ ಮೇಲೆ ಹಾರಿಹೋಗುತ್ತೆ.

ಗಂಡಸರ ಪಾತ್ರನೂ ಹೇಳಬೇಕು. ಗಂಡ ಕುಡಿದಿದ್ದು ಹೆಂಡತಿ ರಕ್ತದ ಮೂಲಕ ಮಗುವಿಗೆ ಹೋಗಲ್ಲ ನಿಜ. ಆದ್ರೆ ವೀರ್ಯ ತಯಾರಾಗೋಕೆ ಎರಡು ಎರಡೂವರೆ ತಿಂಗಳು ಬೇಕು, ಆ ಸಮಯದಲ್ಲಿ ಗಂಡಿಲಿಗಳಿಗೆ ಆಲ್ಕೋಹಾಲ್ ಕೊಟ್ರೆ ಮರಿಗಳ ಬೆಳವಣಿಗೆ, ಮುಖದ ಆಕಾರದ ಮೇಲೆ ಪರಿಣಾಮ ಆಗಿದ್ದು ಪ್ರಯೋಗಗಳಲ್ಲಿ ಕಂಡಿದೆ. ಅದಕ್ಕಿಂತ ದೊಡ್ಡದು, ಮನೇಲಿ ಬಾಟ್ಲಿ ತರೋನು ಯಾರು, ಒಂದು ಸಿಪ್ ಏನಾಗಲ್ಲ ಕಂಪನಿ ಕೊಡು ಅನ್ನೋನು ಯಾರು, ಹಾಲು ಮೊಟ್ಟೆಗೆ ಇಟ್ಟ ದುಡ್ಡು ಹೋಗೋದು ಎಲ್ಲಿಗೆ.

ದಿನಾ ಕುಡಿಯೋ ಹೆಂಗಸು ಬಸುರಿ ಆದ್ರೆ ಇದನ್ನ ಓದಿ ಇವತ್ತೇ ಪೂರ್ತಿ ನಿಲ್ಲಿಸ್ತೀನಿ ಅಂತ ಮನೇಲೇ ಕೂರೋದು ಅಪಾಯ. ಮೈ ಅದಕ್ಕೆ ಒಗ್ಗಿರುತ್ತೆ, ಗಕ್ಕನೆ ಬಿಟ್ರೆ ಕೈಕಾಲು ನಡುಕ, ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರಿಗೂ ಕಷ್ಟ. ಆಸ್ಪತ್ರೆಲಿ ಡಾಕ್ಟರ್ ಕಣ್ಣಳತೆಲಿ ಬಿಡಿಸಬೇಕು. ಸುಮ್ನೆ ಮಾತಾಡೋಕೆ ಯಾರಾದ್ರೂ ಬೇಕು ಅಂದ್ರೆ ಸರ್ಕಾರದ ಟೆಲಿ ಮಾನಸ್ ನಂಬರ್ 14416 ಇದೆ, ಕನ್ನಡದಲ್ಲೇ ಮಾತಾಡ್ತಾರೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ತಪಾಸಣೆ ಇರುತ್ತೆ, ಅಲ್ಲೂ ಹೇಳಬಹುದು. ಹೇಳಬಹುದು ಅಂತ ಬರೆಯೋದು ಸುಲಭ, ನಮ್ಮ ಬೀದಿ ಆಶಾ ಕಾರ್ಯಕರ್ತೆನ ಕೇಳಿದ್ರೆ "ಅಯ್ಯೋ ಮೇಡಂ, ತಾಯಿ ಕಾರ್ಡ್ ಬರೆಯೋವಾಗ ಕುಡೀತೀಯೇನು ಅಂತ ಕೇಳಿದ್ರೆ ಅವರತ್ತಿ ನನ್ನನ್ನೇ ಹೊಡಿಯಾಕೆ ಬರ್ತಾರ" ಅಂದ್ಲು. ಹುಟ್ಟಿದ ಮಗುವಿಗೆ ಅನುಮಾನ ಇದ್ರೆ ಅಂಗನವಾಡಿ, ಶಾಲೆಗಳಿಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರೋ ಸರ್ಕಾರದ ಆರ್‌ಬಿಎಸ್‌ಕೆ ತಂಡದೋರಿಗೆ ತೋರಿಸಿ. ವಾಸಿ ಮಾಡೋ ಔಷಧಿ ಇಲ್ಲ, ಆದ್ರೆ ಆರು ವರ್ಷದೊಳಗೆ ಗುರುತಿಸಿ, ಒಂದೇ ಥರದ ದಿನಚರಿ, ಒಂದು ಸಲಕ್ಕೆ ಒಂದೇ ಮಾತು, ಹೊಡೆತ ಬಡಿತ ಇಲ್ಲದ ಮನೆ ಸಿಕ್ಕ ಮಕ್ಕಳು ಬೇರೆಯವರಿಗಿಂತ ಎಷ್ಟೋ ಚೆನ್ನಾಗಿ ದಡ ಸೇರ್ತಾರೆ.

ಇನ್ನು ನಮ್ಮ ಹುಡುಗಿ. ಡಾಕ್ಟರು ವಾರ ಎಣಿಸೋದು ಕೊನೇ ಮುಟ್ಟಿನ ದಿನದಿಂದ, ಆ ಲೆಕ್ಕದಲ್ಲಿ ಫೋನ್ ಮಾಡಿದ ದಿನ ಅವಳಿಗೆ ಐದು ವಾರ. ಔಟಿಂಗ್ ಆಗಿದ್ದು ಮೂರನೇ ವಾರ, ಅಂದ್ರೆ ಗರ್ಭ ನಿಂತು ಇನ್ನೂ ವಾರ ಕಳೆದಿರುತ್ತೋ ಇಲ್ವೋ, ಭ್ರೂಣ ಗರ್ಭಕೋಶದ ಗೋಡೆಗೆ ಅಂಟ್ಕೊಳ್ಳೋ ಆಸುಪಾಸು. ಮಾಸು ಹುಟ್ಟಿರಲ್ಲ, ಮುಖ ಮೆದುಳು ಯಾವುದೂ ಶುರುವಾಗಿರಲ್ಲ. ಆ ಹಂತದಲ್ಲಿ ಪೆಟ್ಟು ಜೋರಾದ್ರೆ ಗರ್ಭ ನಿಲ್ಲೋದೇ ಇಲ್ಲ, ನಿಂತಿದೆ ಅಂದ್ರೆ ಸಾಮಾನ್ಯವಾಗಿ ಸುಧಾರಿಸ್ಕೊಂಡಿರುತ್ತೆ. ಭಯ ಕಮ್ಮಿ, ಸೊನ್ನೆ ಅಂತ ಬರೆದುಕೊಡೋಕೆ ಯಾರಿಗೂ ಆಗಲ್ಲ ಅಂದೆ. "ಹಂಗಾದ್ರೆ ಐದನೇ ತಿಂಗಳ ಸ್ಕ್ಯಾನಿಂಗಲ್ಲಿ ಗೊತ್ತಾಗ್ತತಾ?" ಅಂದ್ಲು. ಹೃದಯ, ಬೆನ್ನುಹುರಿ, ಕೈಕಾಲು ಕಾಣುತ್ತೆ, ಮಗು ನಾಳೆ ಮಗ್ಗಿ ನೆನಪಿಟ್ಕೊಳ್ಳುತ್ತಾ ಇಲ್ವಾ ಅನ್ನೋದು ಯಾವ ಸ್ಕ್ಯಾನಿಂಗಲ್ಲೂ ಕಾಣಲ್ಲ. ಅವತ್ತಿಂದ ಮುಟ್ಟದೇ ಇರೋದೇ ಅವಳ ಕೈಲಿ ಇರೋದು, ಮತ್ತೆ ಡಾಕ್ಟರ್ ಹತ್ರ ಮುಚ್ಚಿಡದೇ ಇರೋದು.

ಮೊದಲ ಚೆಕಪ್‌ಗೆ ಹೋದಾಗ ಹೇಳಿದ್ದಾಳೆ, ಗಂಡನನ್ನ ಹೊರಗೆ ಕೂರಿಸಿ. ಡಾಕ್ಟರಮ್ಮ ತಲೆ ಎತ್ತದೆ ಬರ್ಕೊಳ್ತಾ "ಆಮೇಲೆ?" ಅಂದ್ರಂತೆ. ಆಮೇಲೆ ಇಲ್ಲ ಮೇಡಂ. "ಸರಿ. ಫೋಲಿಕ್ ಆಸಿಡ್ ಶುರು ಮಾಡಿದ್ಯಾ?"